ಏಳು ಮನೆಯ ಆಟಗಾರ

ಹೋದ ವರ್ಷ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಎಚ್.ಡಿ. ಕೋಟೆಯಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಮೊಮ್ಮಗಳ ಜೊತೆ ಹುಣಸೂರಿಗೆ ಹೊರಟಿದ್ದೆ. ಅಂಗಡಿ ಸಾಲಿನ ಹಿಂದೆ ಯಾರೋ ದನಕ್ಕೆ ಹುರುಳಿ ಬೇಯಿಸುತ್ತಿದ್ದರು. ಆ ವಾಸನೆ ಬಂದದ್ದೇ ಮೊಮ್ಮಗಳು ಸೆರಗಿನಲ್ಲಿ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಎದ್ದು ಆ ಕಡೆಗೆ ನಾಲ್ಕು ಹೆಜ್ಜೆ ಹೋಗಿ ನಿಂತೆ. ಬಸ್ಸು ಬಂತು, ಹೋಯಿತು. ಮೊಮ್ಮಗಳು ಬೈದಳು. ಬೈಯಲಿ. ಎಪ್ಪತ್ತು ವರ್ಷದ ಹಿಂದೆ ಒಂದು ಇಡೀ ವರ್ಷ ನಾನು ಹುರುಳಿ ಬೇಯಿಸಿದ್ದು ಎತ್ತಿಗಲ್ಲ, ಒಬ್ಬ ಹುಡುಗನಿಗೆ ಎಂದು ಅವಳಿಗೆ ಎಲ್ಲಿಂದ ಶುರುಮಾಡಿ ಹೇಳುವುದು?

ಕನ್ನಡ ನಾಡು ಒಂದಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ನಾನು ಹಾರನಹಳ್ಳಿಯಿಂದ ಹುಣಸೂರಿನ ಲಿಂಗವಂತರ ಮನೆಗೆ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು. ಹತ್ತೊಂಬತ್ತು ವಯಸ್ಸು. ಮಾವ ಮಾದಪ್ಪನವರಿಗೆ ಪೇಟೆಯಲ್ಲಿ ಕಾಳುಕಡ್ಡಿಯ ಅಂಗಡಿ. ಸಂಜೆ ಅಂಗಡಿಯ ಬಾಗಿಲು ಹಾಕಿದ ಮೇಲೆ ನಮ್ಮ ಮನೆಯ ಜಗಲಿ ತುಂಬಿಹೋಗುತ್ತಿತ್ತು. ಏನು ಮಹಾ ವ್ಯವಹಾರ ಎಂದು ಮೊದಮೊದಲು ನಾನೂ ಬೆರಗಾಗಿದ್ದೆ. ಆಮೇಲೆ ತಿಳಿಯಿತು, ಅದೆಲ್ಲ ಒಂದು ಚೆಂಡಿನ ಮಾತು.

ಬ್ಯಾಸ್ಕೆಟ್ ಬಾಲ್ ಎನ್ನಲು ಬಾಯಿ ತಿರುಗದವರು ಬುಟ್ಟಿಚೆಂಡು ಎನ್ನುತ್ತಿದ್ದರು. ಹೈಸ್ಕೂಲಿನ ಡ್ರಿಲ್ ಮಾಸ್ತರು ಮೈಸೂರಿನಲ್ಲಿ ಕಲಿತುಬಂದ ಆಟ. ಮರದ ಡಿಪೋ ಇರುವ ಊರು ನಮ್ಮದು, ಹಲಗೆಗೆ ಬರವೇ? ಎರಡು ತೇಗದ ಹಲಗೆ ನಿಲ್ಲಿಸಿದರು. ಗಾಡಿಚಕ್ರದ ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿ ಬಳೆ ಮಾಡಿಸಿ ಹಲಗೆಗೆ ಬಡಿದರು. ಅದನ್ನು ನೋಡಿ ಪಿರಿಯಾಪಟ್ಟಣದವರು ಮಾಡಿದರು, ಕೆ.ಆರ್. ನಗರದವರು ಮಾಡಿದರು, ಕೋಟೆಯವರೂ ಮಾಡಿದರು. ನಾಲ್ಕು ತಾಲ್ಲೂಕು, ನಾಲ್ಕು ತಂಡ. ಆಟ ತಂದವರು ನಾವು, ಪಂದ್ಯದಲ್ಲಿ ಕೊನೆಗೆ ಬಂದವರೂ ನಾವೇ. ನಮ್ಮ ಯಜಮಾನರು ಶಿವಣ್ಣನವರು ಆ ತಂಡದಲ್ಲಿ ಆಡುತ್ತಿದ್ದರು. ಸೋತು ಬಂದ ದಿನ ಅವರಿಗೆ ಸಾರಿನಲ್ಲಿ ಉಪ್ಪು ಹೆಚ್ಚಾಗಿರುತ್ತಿತ್ತು, ಉಪ್ಪು ನಾನು ಎಂದಿನಂತೆಯೇ ಹಾಕಿದ್ದರೂ.

ಹೆಂಗಸರು ಮೈದಾನಕ್ಕೆ ಹೋಗುವ ಕಾಲವಲ್ಲ ಅದು. ಆಟವನ್ನು ನಾನು ಕಣ್ಣಿಂದ ನೋಡಲಿಲ್ಲ, ಕಿವಿಯಿಂದ ಕಲಿತೆ. ಜಗಲಿಗೂ ನಡುಮನೆಗೂ ನಡುವಿನ ಕಿಟಕಿಯ ಕೆಳಗೆ ಕೂತು ಅಕ್ಕಿ ಆರಿಸುತ್ತ ಕೇಳುತ್ತಿದ್ದೆ. ಒಂದು ಸೇರು ಅಕ್ಕಿಯನ್ನು ಮೂರು ಸಲ ಆರಿಸಿದ್ದೂ ಉಂಟು. ಅತ್ತೆ ಬಂದು ನೋಡಿ, ಇಷ್ಟು ಹೊತ್ತಿಗೆ ಬೇಯಿಸಿ ಬಡಿಸಿಯೂ ಆಗುತ್ತಿತ್ತು ಎಂದು ಹೋಗುತ್ತಿದ್ದರು.

ಆ ಬೇಸಿಗೆಯಲ್ಲಿ ಜಗಲಿಗೆ ಎಂದೂ ಇಲ್ಲದ ಕಾವು ಬಂದಿತ್ತು. ಕಾರಣ ಹೇಳುತ್ತೇನೆ. ಅದರ ಹಿಂದಿನ ವರ್ಷ ಒಳ್ಳೆಯ ಹುಡುಗನೊಬ್ಬನಿಗಾಗಿ ಎರಡು ತಾಲ್ಲೂಕಿನವರು ಸಂತೆಯಲ್ಲೇ ಹೊಡೆದಾಡಿಕೊಂಡಿದ್ದರು. ಹಿರಿಯರು ಸೇರಿ ಒಂದು ಕಟ್ಟುಪಾಡು ಮಾಡಿದರು. ಮಿಡ್ಲ್ ಸ್ಕೂಲು ಮುಗಿಸಿ ಹೈಸ್ಕೂಲಿಗೆ ಬರಲಿರುವ ಹುಡುಗರಲ್ಲಿ ಆಟದ ಆಸೆಯುಳ್ಳವರು ಬೇಸಿಗೆ ರಜೆಯಲ್ಲಿ ಒಂದು ದಿನ ಹುಣಸೂರಿನ ಮೈದಾನಕ್ಕೆ ಬರಬೇಕು. ಹಿಂದಿನ ವರ್ಷ ಕೊನೆಗೆ ಬಂದ ತಂಡ ಮೊದಲು ಆರಿಸಬೇಕು, ಗೆದ್ದ ತಂಡ ಕಡೆಗೆ. ಆರಿಸಿದ ಹುಡುಗನ ಕೈಗೆ ವೀಳ್ಯ ಕೊಡಬೇಕು. ಕೊಟ್ಟ ವೀಳ್ಯ ಮುಂದಿನ ಬೇಸಿಗೆಯವರೆಗೆ ವಾಪಸಿಲ್ಲ. ಮತ್ತು ವೀಳ್ಯ ಕೊಟ್ಟವರೇ ಆ ಹುಡುಗನಿಗೆ ವಾರಾನ್ನ ಗೊತ್ತುಮಾಡಬೇಕು, ಅಂದರೆ ವಾರದ ಏಳು ದಿನಕ್ಕೆ ಏಳು ಮನೆಯಲ್ಲಿ ಊಟ. ಹಳ್ಳಿಯ ಹುಡುಗರಿಗೆ ಇದು ಆಟದ ಮಾತಾಗಿರಲಿಲ್ಲ. ವೀಳ್ಯ ಸಿಕ್ಕಿದರೆ ಹೈಸ್ಕೂಲು, ಇಲ್ಲದಿದ್ದರೆ ನೇಗಿಲು.

ಮೊದಲ ಆಯ್ಕೆ ನಮ್ಮದು. ಯಾರನ್ನು ಆರಿಸುವುದು? ಒಂದು ತಿಂಗಳು ಜಗಲಿಯ ಮೇಲೆ ಬೇರೆ ಮಾತಿಲ್ಲ. ಹೊಸ ಅಗ್ರಹಾರದ ನಂಜುಂಡ ಎಂಬ ಹುಡುಗ ಆಗಲೇ ಆಳುದ್ದ ಬೆಳೆದಿದ್ದ. ಕೈ ಎತ್ತಿದರೆ ಬಳೆಗೆ ಒಂದೂವರೆ ಮೊಳವಷ್ಟೇ ಬಾಕಿ. ನಮ್ಮ ಯಜಮಾನರು ಅವನ ಪರ. ನಾಳೆ ಬೆಳಿಗ್ಗೆ ಆಡಿಸಬಹುದಾದ ಹುಡುಗನನ್ನು ಬಿಟ್ಟು ಬೇರೆ ಯಾರನ್ನು ನೋಡುವುದು ಎಂದು ಅವರ ವಾದ. ಇನ್ನೊಬ್ಬ ಕೋಟೆ ಕಡೆಯ ಪುಟ್ಟಸ್ವಾಮಿ, ನಮ್ಮ ಜನವೇ, ಎರಡು ಎಕರೆ ಹೊಲದವರ ಮಗ. ಎತ್ತರದಲ್ಲಿ ನನ್ನ ಭುಜಕ್ಕಿಂತ ಸ್ವಲ್ಪ ಮೇಲೆ. ಡ್ರಿಲ್ ಮಾಸ್ತರು ಇವನ ಹೆಸರು ಹೇಳುತ್ತಿದ್ದರು. ಯಾಕೆ ಎಂದರೆ, ಅವನ ಕಣ್ಣು ಚೆನ್ನಾಗಿದೆ ಎನ್ನುತ್ತಿದ್ದರು. ಕಣ್ಣು ಚೆನ್ನಾಗಿದ್ದರೆ ಕಾಡಿಗೆ ಹಚ್ಚಿ, ಆಟಕ್ಕೇಕೆ ಎಂದು ಜಗಲಿ ನಗುತ್ತಿತ್ತು. ಮಾಸ್ತರು ಪಾಪ, ಮಾತು ಬಾರದವರು, ಸುಮ್ಮನಾಗುತ್ತಿದ್ದರು.

ಈ ಜಗಳವನ್ನು ಕೊನೆಗೆ ತೀರಿಸಿದವರು ಚಿಕ್ಕೇಗೌಡರು. ಪಕ್ಕದ ಹಳ್ಳಿಯ ದೊಡ್ಡ ಬೇಸಾಯಗಾರರು, ಮಾವನಿಗೆ ಹಳೆಯ ಸ್ನೇಹಿತರು. ನಾಲ್ಕು ತಾಲ್ಲೂಕಿನಲ್ಲಿ ಯಾರೇ ಹೋರಿ ಕೊಳ್ಳಲಿ, ಗೌಡರ ಕಣ್ಣಿಗೆ ಬಿದ್ದ ಮೇಲೇ ಹಗ್ಗ ಹಿಡಿಯುತ್ತಿದ್ದದ್ದು. ಆರಿಸುವ ದಿನ ಮೈದಾನದಲ್ಲಿ ಅವರು ಮಾಡಿದ್ದನ್ನು ನಮ್ಮವರು ಮನೆಗೆ ಬಂದು ಆಡಿ ತೋರಿಸಿದರು. ನಂಜುಂಡನ ಸುತ್ತ ಒಂದು ಸುತ್ತು ಬಂದರಂತೆ. ಅವನ ಗದ್ದದ ಮೇಲಿನ ಕೂದಲು ನೋಡಿದರಂತೆ, ಬಿಟ್ಟರಂತೆ. ಪುಟ್ಟಸ್ವಾಮಿಯ ಬಳಿ ಮಾತ್ರ ಕೂತೇಬಿಟ್ಟರು. ಅವನ ಪಾದವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಮಂಡಿಚಿಪ್ಪು ಹಿಡಿದು ಅದುಮಿದರು. ಮಣಿಕಟ್ಟಿಗೆ ಬೆರಳು ಸುತ್ತಿದರು. ಬಾಯಿ ತೆಗೆಸಿ ಹಲ್ಲನ್ನೂ ನೋಡಿದರು. ಜನ ನಕ್ಕರು, ಗೌಡರು ನಗಲಿಲ್ಲ.

“ಅವ್ನು ಬಾಯ್ಗೂಡಿದ ಎತ್ತು ಕಣ್ರಪ್ಪಾ, ಬೆಳ್ದು ಮುಗ್ದೋದ” ಎಂದರು ನಂಜುಂಡನನ್ನು ತೋರಿಸಿ. “ಇವ್ನು ಇನ್ನೂ ಕರ. ಪಾದ ನೋಡ್ರಿ, ಮಂಡಿ ನೋಡ್ರಿ. ಇಷ್ಟ್ ದೊಡ್ಡ ಗೊರಸು ಇಟ್ಕೊಂಡು ಯಾವ್ ಕರನೂ ಕುಳ್ಳಾಗಿ ನಿಲ್ಲಾಕಿಲ್ಲ. ವರ್ಸದೊಳಗೆ ಬಗ್ಗಿ ಬಾಗ್ಲು ದಾಟ್ತಾನೆ.”

ಇನ್ನು ಎದುರು ಹೇಳುವವರಾರು? ವೀಳ್ಯ ಪುಟ್ಟಸ್ವಾಮಿಯ ಕೈಗೆ ಬಂತು. ನಂಜುಂಡನನ್ನು ಕೆ.ಆರ್. ನಗರದವರು ಕಣ್ಣಿಗೆ ಒತ್ತಿಕೊಂಡು ಕರೆದೊಯ್ದರು. ನಮ್ಮ ಯಜಮಾನರಿಗೆ ಎರಡು ದಿನ ಸಾರಿನಲ್ಲಿ ಉಪ್ಪು ಹೆಚ್ಚಾಗಿತ್ತು.

ಜೂನ್ ತಿಂಗಳ ಮೊದಲ ಗುರುವಾರ, ಮಳೆ ಹನಿಯುತ್ತಿರುವಾಗ, ಪುಟ್ಟಸ್ವಾಮಿ ನಮ್ಮ ಮನೆಗೆ ಊಟಕ್ಕೆ ಬಂದ. ಗುರುವಾರ ನಮ್ಮದು. ಹೊಸ್ತಿಲ ಹೊರಗೆ ನಿಂತು ಪಾದ ತೊಳೆದದ್ದೇ ತೊಳೆದದ್ದು. ನನಗೂ ಕುತೂಹಲ, ಬಾಗಿಲ ಸಂದಿಯಿಂದ ಅವನ ಪಾದವನ್ನೇ ನೋಡಿದೆ. ದೊಡ್ಡದಿತ್ತು, ನಿಜ. ನಮ್ಮ ಮಾವನ ಚಪ್ಪಲಿ ಅವನಿಗೆ ಸರಿಹೋಗುತ್ತಿತ್ತು. ಹದಿನಾಲ್ಕರ ಹುಡುಗ, ಮಾತು ಕಡಿಮೆ. ರಾತ್ರಿ ಮಠದ ಒಂದು ಕೋಣೆಯಲ್ಲಿ ಮಲಗುತ್ತಿದ್ದ. ನನ್ನನ್ನು ಅಕ್ಕ ಎಂದ. ಆ ಮನೆಯಲ್ಲಿ ನನ್ನನ್ನು ಹಾಗೆ ಕರೆಯುವವರು ಯಾರೂ ಇರಲಿಲ್ಲವಾದ್ದರಿಂದ ನನಗೆ ಆ ಒಂದು ಮಾತಿಗೇ ಅವನ ಮೇಲೆ ಅಕ್ಕರೆ ಬಂದುಬಿಟ್ಟಿತು.

ಚಿಕ್ಕೇಗೌಡರ ಮನೆಯ ಅಡುಗೆಯನ್ನು ನಮ್ಮ ಜನ ಊಟ ಮಾಡುವಂತಿರಲಿಲ್ಲ. ಆಗಿನ ಕಾಲ ಹಾಗಿತ್ತು, ಇವತ್ತು ಬರೆಯಲು ನಾಚಿಕೆಯಾಗುತ್ತದೆ. ಹಾಗೆಂದು ಗೌಡರು ಕೈಕಟ್ಟಿ ಕೂರುವವರೇ? ಏಳೂ ಮನೆಗೆ ಒಂದೊಂದು ಮೂಟೆ ಹುರುಳಿ ಕಳಿಸಿದರು. ಹೋರಿಗೆ ಮೂಳೆ ಗಟ್ಟಿಯಾಗಲು ಹಾಕುವುದು ಅದೇ ತಾನೆ. ದಿನಾ ಬೆಳಿಗ್ಗೆ ಬೇಯಿಸಿದ ಹುರುಳಿ, ಅದರ ಕಟ್ಟು, ಮೇಲೆ ಒಂದು ಚೊಂಬು ಹಾಲು. ಹುಡುಗ ತಿಂದ. ಸೋಮವಾರದ ಮನೆಯಲ್ಲಿ ತಿಂದ, ಮಂಗಳವಾರದ ಮನೆಯಲ್ಲಿ ತಿಂದ. ಒಂದೊಂದು ಮನೆಯ ಗಂಡಸರೂ ಅವನು ಉಣ್ಣುವಾಗ ಎದುರು ಕೂತು ಆಟ ಹೇಳಿಕೊಡುತ್ತಿದ್ದರು. ಒಬ್ಬರು ಎಡಗೈಯಲ್ಲಿ ಎಸೆ ಎಂದರೆ ಇನ್ನೊಬ್ಬರು ಎರಡೂ ಕೈಯಲ್ಲಿ ಎಸೆ ಎನ್ನುತ್ತಿದ್ದರು. ನಮ್ಮ ಯಜಮಾನರನ್ನು ಬಿಟ್ಟರೆ ಅವರಲ್ಲಿ ಚೆಂಡು ಮುಟ್ಟಿದವರು ಒಬ್ಬರೂ ಇರಲಿಲ್ಲ. ಹುಡುಗ ಎಲ್ಲರಿಗೂ ಹೂಂ ಎನ್ನುತ್ತಿದ್ದ, ಬಾಯಲ್ಲಿ ಹುರುಳಿ ಇರುತ್ತಿತ್ತು.

ಮತ್ತು ಅಳತೆ. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಗೌಡರು ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದರು. ನಮ್ಮ ತೊಟ್ಟಿಮನೆಯ ಕಂಬಕ್ಕೆ ಹುಡುಗನನ್ನು ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಮಣೆ ಇಟ್ಟು, ಕಂಬದ ಮೇಲೆ ಇದ್ದಿಲಿನಿಂದ ಗೀರು ಎಳೆಯುತ್ತಿದ್ದರು. ಜಗಲಿಯವರೆಲ್ಲ ಒಳಗೆ ಬಂದು ಸುತ್ತ ನಿಲ್ಲುತ್ತಿದ್ದರು. ಬೆಳೆಯುವ ಮಕ್ಕಳನ್ನು ಅಳೆಯಬಾರದು, ಅಳೆದರೆ ಅಲ್ಲಿಗೇ ನಿಲ್ಲುತ್ತಾರೆ ಎಂದು ಅತ್ತೆ ಪ್ರತಿ ಸಲವೂ ಅಡುಗೆಮನೆಯಿಂದ ಕೂಗಿ ಹೇಳುತ್ತಿದ್ದರು. ಪ್ರತಿ ಸಲವೂ ಯಾರೂ ಕೇಳಲಿಲ್ಲ.

ಮೊದಲ ಹುಣ್ಣಿಮೆಯ ಗೀರಿನ ಮೇಲೇ ಎರಡನೆಯದು ಬಿತ್ತು. ಮಳೆಗಾಲದ ಮೋಡ, ಬೆಳಕು ಸಾಲದು ಎಂದರು. ಮೂರನೆಯದೂ ಅಲ್ಲೇ ಬಿತ್ತು. ಆ ದಿನ ಮೋಡದ ನೆಪವೂ ಇರಲಿಲ್ಲ. ಅದೇ ವಾರ ಮಂಗಳವಾರದ ಮನೆಯವರು, ಇವನಿಗೆ ಹಾಕುವ ಹಾಲನ್ನು ಎಮ್ಮೆಕರುವಿಗೆ ಬಿಟ್ಟಿದ್ದರೆ ಕರುವಾದರೂ ದೊಡ್ಡದಾಗುತ್ತಿತ್ತು ಎಂದರಂತೆ, ಅವನು ತಟ್ಟೆಯ ಮುಂದೆ ಕೂತಿರುವಾಗಲೇ.

ನಾನು ಅವನಿಂದ ಆಟ ಕಲಿತದ್ದು ಈ ದಿನಗಳಲ್ಲೇ. ಗುರುವಾರ ಮಧ್ಯಾಹ್ನ ಗಂಡಸರು ಅಂಗಡಿಯಲ್ಲಿರುತ್ತಿದ್ದರು. ಅಡುಗೆಮನೆಯ ನೆಲದ ಮೇಲೆ ಹುಣಸೆಬೀಜ ಹರಡಿ ನನಗೆ ಹೇಳಿಕೊಡು ಎಂದೆ. ಐದು ಬೀಜ ಈ ಕಡೆ, ಐದು ಆ ಕಡೆ, ಒಂದು ಕಡಲೆಕಾಳು ಚೆಂಡು. ಬೀಜ ಮುಟ್ಟಿದರೆ ಅವನ ಮುಖವೇ ಬೇರೆ. ಇವನು ಹೀಗೆ ಓಡಿದರೆ ಅವನು ಹಿಂದೆ ಬರುತ್ತಾನೆ, ಆಗ ಇಲ್ಲಿ ಜಾಗ ಖಾಲಿಯಾಗುತ್ತದೆ, ಅಲ್ಲಿಗೆ ಕೊಡಬೇಕು ಎಂದು ಕಾಳನ್ನು ಸರಸರನೆ ದಾಟಿಸುತ್ತಿದ್ದ. ಎಷ್ಟು ಸಲ ಆಡಿಸಿದರೂ ಅವನದು ಎಂದು ಇಟ್ಟ ಬೀಜ ಒಂದು ಸಲವೂ ಬುಟ್ಟಿಗೆ ಎಸೆಯಲಿಲ್ಲ. ಹಾಗಾದರೆ ನೀನು ಎಸೆಯುವುದು ಯಾವಾಗ ಎಂದು ಕೇಳಿದೆ.

“ಯಾರು ಖಾಲಿ ನಿಂತವ್ರೋ ಅವ್ರು ಎಸೀಬೇಕು ಕಣಕ್ಕ” ಎಂದ. “ಯಾರು ಖಾಲಿ ಅವ್ರೆ ಅಂತ ನೋಡಾದು ನನ್ನ ಕೆಲ್ಸ.”

ನಾನು ಬೀಜಗಳನ್ನು ನೋಡುತ್ತ ಕೂತೆ. ಮಾಸ್ತರು ಕಣ್ಣು ಕಣ್ಣು ಎನ್ನುತ್ತಿದ್ದದ್ದು ಇದನ್ನೇ ಇರಬೇಕು ಎನ್ನಿಸಿತು. ಊಟದ ಪಂಕ್ತಿಯಲ್ಲೂ ಹಾಗೇ ಮಾಡುತ್ತಿದ್ದ ಹುಡುಗ. ಅತ್ತೆಯ ಕೈ ಉಪ್ಪಿನ ಕಡೆ ತಿರುಗುವ ಮೊದಲೇ ಉಪ್ಪಿನ ಬಟ್ಟಲು ಅವರ ಮುಂದಿರುತ್ತಿತ್ತು. ನಾನು ನೀರಿಗೆ ತಿರುಗಿದರೆ ಚೊಂಬು ಕೈಯಲ್ಲಿ. ಇದನ್ನು ಜಗಲಿಗೆ ಹೇಳಬೇಕಾಗಿತ್ತು. ಸೊಸೆ ಜಗಲಿಗೆ ಹೋಗಿ ಬುಟ್ಟಿಚೆಂಡಿನ ಮಾತು ಹೇಳುವುದೇ! ಸುಮ್ಮನಿದ್ದೆ. ಸುಮ್ಮನಿದ್ದರೂ ಆಗುತ್ತಿತ್ತು, ನಾನು ಇನ್ನೊಂದು ಮಾಡಿದೆ.

ಗೌರಿಹಬ್ಬಕ್ಕೆ ಮನೆಯ ಕಂಬಗಳನ್ನೆಲ್ಲ ಒರೆಸಿ ಎಣ್ಣೆ ಹಚ್ಚುವುದು ರೂಢಿ. ಗೀರುಗಳು ಅಳಿಸಿಹೋಗುತ್ತವಲ್ಲ ಎಂದು ಮಾವನನ್ನು ಕೇಳಿದರೆ, ಒರೆಸುವ ಮೊದಲು ದಾರದಲ್ಲಿ ಅಳತೆ ತೆಗೆದುಕೊಂಡು ಆಮೇಲೆ ನೀನೇ ಎಳೆದುಬಿಡವ್ವ ಎಂದರು. ಅಳತೆ ತೆಗೆದುಕೊಂಡೆ. ಎಣ್ಣೆ ಹಚ್ಚಿದೆ. ದಾರ ಹಿಡಿದು ಗೀರು ಎಳೆಯುವ ಹೊತ್ತಿಗೆ ಮಂಗಳವಾರದ ಮನೆಯವರ ಮಾತು ನೆನಪಾಯಿತು. ಎರಡು ಬೆರಳು ಕೆಳಗೆ ಎಳೆದೆ. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಕೆಲಸ ಮಾಡಿದೆ ಎಂದೇ ಅನ್ನಿಸಿತು.

ಮುಂದಿನ ಹುಣ್ಣಿಮೆಗೆ ಹುಡುಗ ಎರಡು ಬೆರಳು ಬೆಳೆದಿದ್ದ! ಗೌಡರು ಪೇಟ ತೆಗೆದು ಜಗಲಿಯ ಮೇಲಿಟ್ಟು ಮುಖ ಒರೆಸಿಕೊಂಡರು. ಕೊಬ್ಬರಿ ಬೆಲ್ಲ ತರಿಸಿ ಬೀದಿಗೆಲ್ಲ ಹಂಚಿಸಿದರು. ಮಂಗಳವಾರದ ಮನೆಯಿಂದ ತುಪ್ಪ ಬಂತು. ಹುಡುಗ ಕಂಬವನ್ನು ನೋಡಿದ, ನನ್ನ ಕಡೆ ನೋಡಿದ, ನಕ್ಕ. ಅವನು ಅಷ್ಟು ಚೆನ್ನಾಗಿ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲಿನ ಎರಡು ಹುಣ್ಣಿಮೆಗೆ ಅವನು ಮತ್ತೆ ಬೆಳೆಯಲಿಲ್ಲ. ಯಾರಿಗೂ ಚಿಂತೆಯಾಗಲಿಲ್ಲ. ಹೋರಿಕರು ಒಂದೇ ಸಲ ನೆಗೆದು ನಿಲ್ಲುತ್ತದೆ, ಉಸಿರು ತೆಗೆದುಕೊಂಡು ಮತ್ತೆ ನೆಗೆಯುತ್ತದೆ ಎಂದರು ಗೌಡರು. ಬೆಳೆಯುವ ಹುಡುಗನನ್ನು ಈಗಿನಿಂದಲೇ ಬಳೆಯ ಕೆಳಗೆ ನಿಲ್ಲಿಸಿ ಪಳಗಿಸಬೇಕು ಎಂದು ಜಗಲಿ ತೀರ್ಮಾನಿಸಿತು. ಬಳೆಯ ಕೆಳಗೆ ನಿಲ್ಲುವವನು ಎಲ್ಲರಿಗಿಂತ ಉದ್ದವಿರಬೇಕು, ಎಗರಿ ಚೆಂಡು ಕಿತ್ತುಕೊಳ್ಳಬೇಕು. ಮಾಸ್ತರು ಬೇಡವೆಂದರಂತೆ. ಮಾಸ್ತರಿಗೆ ಮಾತು ಬಾರದು ಎಂದು ಆಗಲೇ ಹೇಳಿದೆನಲ್ಲ. ದಸರೆಯಿಂದ ಸಂಕ್ರಾಂತಿಯವರೆಗೆ ಆ ಹುಡುಗ ದಿನಾ ಸಂಜೆ ಬಳೆಯ ಕೆಳಗೆ ಎಗರಿದ. ಗುರುವಾರ ಬಂದಾಗ ಮಂಡಿ ಹಿಡಿದುಕೊಂಡು ಕೂರುತ್ತಿದ್ದ. ಹುಣಸೆಬೀಜದ ಆಟಕ್ಕೆ ಕರೆದರೆ ಬೇಡ ಎನ್ನುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಕೆ.ಆರ್. ನಗರದಲ್ಲಿ ಪಂದ್ಯ. ಬಳೆಯ ಕೆಳಗೆ ನಮ್ಮ ಪುಟ್ಟಸ್ವಾಮಿ, ಅವನ ಎದುರಿಗೆ ಅವರ ನಂಜುಂಡ. ಅಂದು ಏನಾಯಿತೆಂದು ನಮ್ಮವರು ನನಗೆ ಆಡಿ ತೋರಿಸಲಿಲ್ಲ. ನಂಜುಂಡ ಚೆಂಡನ್ನು ಒಂದೇ ಕೈಯಲ್ಲಿ ತಲೆಯ ಮೇಲೆ ಹಿಡಿದು ನಿಂತನಂತೆ, ನಮ್ಮ ಹುಡುಗ ಅದಕ್ಕಾಗಿ ಎಗರಿದನಂತೆ, ಮತ್ತೆ ಮತ್ತೆ ಎಗರಿದನಂತೆ, ಜನ ಎಣಿಸಲು ಶುರುಮಾಡಿದರಂತೆ. ಅಷ್ಟು ಹೇಳಿ ಅವರು ಎದ್ದು ಹೋದರು.

ಆ ಗುರುವಾರ ಅವನು ಬಂದಾಗ ತುಟಿ ಒಡೆದಿತ್ತು. ಮುದ್ದೆ ಮುರಿದ, ಹಾಗೇ ಬಿಟ್ಟ. ಆಮೇಲೆ ಕೇಳಿದ.

“ಅಕ್ಕಾ, ನಾನು ದಿಟವಾಗ್ಲೂ ಬೆಳ್ದಿದ್ದೀನಾ? ಅಂಗಿ ತೋಳು ಅಲ್ಲೇ ಐತೆ. ಕಂಬ ಬೆಳ್ದಿದ್ದೀಯಾ ಅಂತದೆ, ಅಂಗಿ ಇಲ್ಲ ಅಂತದೆ.”

ಅಯ್ಯೋ ಶಿವನೇ. ಅಂಗಿಗಿಂತ ಹೆಚ್ಚಾಗಿ ನನ್ನ ಗೀರನ್ನು ನಂಬಿ ಮೂರು ತಿಂಗಳು ಎಗರಿದ್ದ ಹುಡುಗ. ಅವನಿಗೆ ಊಟ ಉಳಿಸಲು ಹೋಗಿ ಅವನ ಆಟವನ್ನೇ ಕಿತ್ತುಕೊಂಡಿದ್ದೆ. ಅವನಿಗೆ ಅಲ್ಲೇ ಹೇಳಿದೆ. ಅವನು ಬೈಯಲಿಲ್ಲ, ಅಳಲಿಲ್ಲ. ಹಾಗಾದರೆ ನನ್ನದೇನೂ ತಪ್ಪಿಲ್ಲ ಅಲ್ವಾ ಎಂದು ಕೇಳಿದ. ಅದನ್ನು ಕೇಳಿ ಅತ್ತದ್ದು ನಾನು.

ಅಂದು ಸಂಜೆ ಮಾವ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಅವರ ಮುಂದೆ ಹೋಗಿ ನಿಂತೆ. ಗೀರಿನ ಮಾತು ಹೇಳಿದೆ. ಹೇಗೂ ಬಾಯಿ ತೆರೆದಾಗಿತ್ತು, ಹುಣಸೆಬೀಜದ ಮಾತನ್ನೂ ಹೇಳಿದೆ. ಅವನನ್ನು ಬಳೆಯಿಂದ ದೂರ ನಿಲ್ಲಿಸಿ, ಚೆಂಡು ಅವನ ಕೈಗೆ ಕೊಟ್ಟು ಅವನು ಯಾರಿಗೆ ಕೊಡುತ್ತಾನೆ ನೋಡಿ ಎಂದೆ. ಮಾವ ಚೊಂಬು ಕೆಳಗಿಟ್ಟರು. ನನ್ನನ್ನು ಒಂದು ಮಾತು ಬೈಯಲಿಲ್ಲ, ಅದೇ ಭಾರವಾಯಿತು. ಗೌಡರಿಗೆ ಈ ವಿಷಯ ನಾನು ಹೇಳುತ್ತೇನೆ, ನಿನ್ನ ಹೆಸರು ಬರುವುದು ಬೇಡ ಎಂದು ಮಾತ್ರ ಹೇಳಿ ಒಳಗೆ ಹೋದರು.

ಏನು ಹೇಳಿದರೋ, ಚಿಕ್ಕೇಗೌಡರು ಆಮೇಲೆ ಹುಣ್ಣಿಮೆಗೆ ಬರಲಿಲ್ಲ. ಅವರ ಕಣ್ಣಿಗೆ ಅದೇ ಮೊದಲ ಸಲ ಮೋಸವಾದದ್ದು. ಉಳಿದ ಎರಡು ಪಂದ್ಯದಲ್ಲಿ ಮಾಸ್ತರು ಪುಟ್ಟಸ್ವಾಮಿಯನ್ನು ಹೊರಗೆ ನಿಲ್ಲಿಸಿ ಆಡಿಸಿದರು. ಪರವಾಗಿಲ್ಲ ಎಂದರು ನಮ್ಮವರು. ಅವನು ಕೊಟ್ಟ ಚೆಂಡು ಕೈಗೆ ಬಂದಾಗ ಎದುರಿಗೆ ಯಾರೂ ಇರುವುದಿಲ್ಲ, ಅದೇನು ಮಾಯವೋ ಎಂದೂ ಒಂದು ಸಲ ಅಂದರು. ಆದರೆ ಜಗಲಿ ಅಷ್ಟು ಹೊತ್ತಿಗೆ ಸೋತಿತ್ತು. ನಾಲ್ಕು ತಾಲ್ಲೂಕಿನಲ್ಲಿ ನಾವು ಮತ್ತೆ ಕೊನೆ. ಬೆಳೆಯದವನನ್ನು ಬಿಡಿ, ಈ ಸಲ ಬೆಳೆದಿರುವವನನ್ನೇ ಆರಿಸೋಣ ಎಂದು ಎಲ್ಲರದೂ ಒಂದೇ ಮಾತಾಯಿತು. ಮಾವ ಒಬ್ಬರು ಎಲೆ ಅಡಿಕೆ ಹಾಕಿಕೊಂಡರು. ಉಳಿದ ಆರು ಮನೆಯ ಗಂಡಸರ ಎದುರಿಗೆ ಸೊಸೆಯ ಹುಣಸೆಬೀಜವನ್ನು ಅವರು ಹೇಗೆ ತಾನೆ ಮುಂದಿಟ್ಟಾರು?

ಬೇಸಿಗೆಯಲ್ಲಿ ವೀಳ್ಯ ಇನ್ನೊಬ್ಬ ಉದ್ದನೆಯ ಹುಡುಗನಿಗೆ ಹೋಯಿತು. ಅವನದು ಹುಣಸೂರೇ, ತಂದೆಯ ಮನೆಯಲ್ಲಿ ಊಟ, ವಾರಾನ್ನದ ಗೋಜೇ ಇಲ್ಲ. ಜಗಲಿಗೆ ಅದೂ ಒಂದು ನೆಮ್ಮದಿ. ಪುಟ್ಟಸ್ವಾಮಿ ಬಿಡುಗಡೆಯಾದ, ಬೇಕಾದ ತಂಡದವರು ಆರಿಸಿಕೊಳ್ಳಬಹುದಿತ್ತು. ಅವನಿಗೆ ಹೈಸ್ಕೂಲು ಇನ್ನೂ ಎರಡು ವರ್ಷ ಬಾಕಿ ಇತ್ತು.

ಇಲ್ಲಿ ನನ್ನ ಇನ್ನೊಂದು ದ್ರೋಹ ಹೇಳಿಬಿಡುತ್ತೇನೆ. ಯುಗಾದಿಗೆ ತವರಿಗೆ ಹೋಗಿದ್ದಾಗ ನನ್ನ ತಮ್ಮನಿಗೆ ಈ ಹುಡುಗನ ವಿಷಯ ಹೇಳಿದ್ದೆ. ಅವನು ಪಿರಿಯಾಪಟ್ಟಣದ ತಂಡದವನು. ಆ ವರ್ಷ ಗೆದ್ದವರು ಅವರು, ಆದ್ದರಿಂದ ಕಡೆಯ ಆಯ್ಕೆ ಅವರದು. ಯಾರಿಗೂ ಬೇಡದ ಪುಟ್ಟಸ್ವಾಮಿಯನ್ನು ಅವರು ತೆಗೆದುಕೊಂಡರು. ಆದರೆ ಒಂದು ಷರತ್ತು. ನಮ್ಮಲ್ಲಿ ಆಗಲೇ ಇಬ್ಬರು ಹುಡುಗರಿಗೆ ಮನೆ ಗೊತ್ತುಮಾಡಿದ್ದೇವೆ, ಮೂರನೆಯವನಿಗೆ ಆಗುವುದಿಲ್ಲ. ಆಡಬೇಕಾದರೆ ಆಡಲಿ, ಊಟ ಅವನದೇ ಎಂದರು. ತೆಗೆದುಕೊಂಡೂ ತೆಗೆದುಕೊಳ್ಳದ ಹಾಗೆ. ಜೂನ್ ಹತ್ತಿರ ಬರುತ್ತಿತ್ತು. ಹುಡುಗ ಮಠದ ಕೋಣೆಯಿಂದ ಬಟ್ಟೆಗಂಟು ಕಟ್ಟುತ್ತಿದ್ದಾನೆಂದು ಸುದ್ದಿ ಬಂತು.

ಮರುದಿನ ಬೆಳಿಗ್ಗೆ ನಾನೂ ಅತ್ತೆಯೂ ಬಟ್ಟೆ ಒಗೆಯಲು ಲಕ್ಷ್ಮಣತೀರ್ಥಕ್ಕೆ ಹೋದೆವು. ಏಳೂ ಮನೆಯ ಹೆಂಗಸರು ಅಲ್ಲೇ ಸಿಗುತ್ತಿದ್ದರು. ಸೋಮವಾರದ ಮನೆಯಾಕೆ, ಪಾಪ, ಹುಡುಗ ಹೋಗುತ್ತಿದ್ದಾನಂತೆ ಎಂದು ಶುರುಮಾಡಿದಳು. ಶನಿವಾರದವಳು, ನಮ್ಮ ಮನೆಗೆ ಅವನು ಬರದಿದ್ದರೆ ಶನಿವಾರ ಎಂದು ತಿಳಿಯುವುದೇ ಇಲ್ಲ ಎಂದಳು. ಮಂಗಳವಾರದವಳು ಬಟ್ಟೆ ಕುಕ್ಕುವುದನ್ನು ನಿಲ್ಲಿಸಿ ನಮ್ಮ ಅತ್ತೆಯ ಮುಖ ನೋಡಿದಳು. ಅವಳ ಗಂಡ ಆಡಿದ ಎಮ್ಮೆಕರುವಿನ ಮಾತು ಅವಳಿಗೆ ಮರೆತಿರಲಿಲ್ಲ. ನನ್ನ ಅತ್ತೆ ವರ್ಷವಿಡೀ ಅವನ ಮುದ್ದೆಯ ಗಾತ್ರ ನೋಡಿ ಗೊಣಗಿದವರು. ನಾನು ಅವರಿಂದ ಏನನ್ನೂ ನಿರೀಕ್ಷಿಸಿರಲಿಲ್ಲ. ಅವರು ಸೀರೆ ಹಿಂಡಿ ಬಂಡೆಯ ಮೇಲೆ ಹರವಿದರು.

“ವೀಳ್ಯ ಕೊಟ್ಟೋರು ಗಂಡಸ್ರು, ಅದನ್ನ ಇಸ್ಕೊಂಡ್ರು. ಹಿಟ್ಟಿಕ್ಕಿದೋರು ನಾವು. ಅವ್ರು ಕೈಬುಟ್ರೆ ನಾವ್ಯಾಕೆ ಬುಡಾವ?” ಎಂದರು. “ಗುರುವಾರ ನಮ್ದು. ಮಿಕ್ಕಿದ್ದು ನೀವೇಳಿ.”

ಸೋಮವಾರ ಎಂದು ಒಬ್ಬಳು ಅಂದಳು, ಮಂಗಳವಾರ ಎಂದು ಇನ್ನೊಬ್ಬಳು. ಬುಧವಾರದವಳು ಅಂದು ನದಿಗೆ ಬಂದಿರಲಿಲ್ಲ, ಅವಳ ಓರಗಿತ್ತಿಯೇ ಅವಳ ಪರವಾಗಿ ಅಂದಳು. ಬಟ್ಟೆ ಒಣಗುವ ಮೊದಲೇ ವಾರ ತುಂಬಿತು. ಗಂಡಸರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಜಗಲಿಯ ಮೇಲೆ ಇನ್ನೊಂದು ತಿಂಗಳು ಚರ್ಚೆಯಾಗುತ್ತಿತ್ತು.

ಹೀಗೆ ಪುಟ್ಟಸ್ವಾಮಿ ಹುಣಸೂರಿನ ಏಳು ಮನೆಯಲ್ಲಿ ಉಂಡು, ಹುಣಸೂರಿನ ಹೈಸ್ಕೂಲಿನಲ್ಲಿ ಓದಿ, ಶನಿವಾರದ ಬಸ್ಸಿಗೆ ಹೋಗಿ ಪಿರಿಯಾಪಟ್ಟಣಕ್ಕೆ ಆಡುವ ಹುಡುಗನಾದ. ಗಂಡಸರಿಗೆ ಇದು ತಿಳಿದಾಗ ಒಂದೊಂದು ಮನೆಯಲ್ಲೂ ಒಂದೊಂದು ರಾಮಾಯಣ. ನಮ್ಮವರು, ಇದೆಂಥ ನ್ಯಾಯ ಎಂದರು. ಆಟ ನಿಮ್ಮದು, ಅಡುಗೆಮನೆ ನಮ್ಮದು ಎಂದೆ. ಮದುವೆಯಾದ ಮೇಲೆ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವರಿಗೆ ಕೋಪ ಬಂತೋ ನಗು ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಾವ ಹುಡುಗನ ಮುಂದೆ ಮಾತಾಡುವುದನ್ನು ಬಿಟ್ಟರು. ಗುರುವಾರ ಅವನು ಬರುವ ಹೊತ್ತಿಗೆ ಅಂಗಡಿಯಲ್ಲೇ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದರು. ತಾನು ಬಿಟ್ಟ ಹುಡುಗ ತನ್ನದೇ ಮನೆಯಲ್ಲಿ ಉಣ್ಣುವುದನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಒಂದು ವಾರ ಬಿಸಿಲು ಬಿತ್ತು. ಮೈದಾನ ಒಣಗಿತು. ಪಿರಿಯಾಪಟ್ಟಣದವರು ಹುಣಸೂರಿಗೆ ಆಡಲು ಬಂದರು. ಗುರುವಾರ ಮಧ್ಯಾಹ್ನ, ಸ್ಕೂಲಿಗೆ ಯಾವುದೋ ರಜೆ. ಬೆಳಿಗ್ಗೆ ನಮ್ಮ ಮನೆಯಲ್ಲಿ ತಿಂಡಿ ತಿಂದು ಹೋದ ಹುಡುಗ ಮಧ್ಯಾಹ್ನ ನಮ್ಮ ಎದುರಾಳಿ. ಅವನ ತಟ್ಟೆಗೆ ಹಾಕುವಾಗ ನನ್ನ ಕೈ ಯಾವ ಕಡೆ ಇತ್ತು ಎಂದು ಕೇಳಬೇಡಿ. ಗಂಡ ಒಂದು ಕಡೆ ಆಡುತ್ತಾರೆ, ತಮ್ಮನೂ ಹುಡುಗನೂ ಇನ್ನೊಂದು ಕಡೆ. ಮನೆಯಲ್ಲಿ ಕೂತು ಮೈದಾನದ ಕೂಗು ಕೇಳುತ್ತಿದ್ದೆ. ಕೂಗಿನಿಂದ ಯಾರು ಮುಂದೆ ಎಂದು ಹೇಳುವಷ್ಟು ಕಲಿತಿದ್ದೆನಲ್ಲ. ಕೊನೆಕೊನೆಗೆ ಊರಿನ ಕೂಗು ಅಡಗಿತು. ಹುಣಸೂರು ಸೋತಿತು ಎಂದು ಗೊತ್ತಾಯಿತು. ಒಳಗೊಳಗೇ ಖುಷಿಯಾಯಿತು, ಮುಚ್ಚಿಟ್ಟು ಏನು ಪ್ರಯೋಜನ?

ಸಂಜೆ ದೀಪ ಹಚ್ಚುವ ಹೊತ್ತಿಗೆ ಪುಟ್ಟಸ್ವಾಮಿ ಹಿತ್ತಿಲ ಬಾಗಿಲಿಗೆ ಬಂದ. ಮುಂಬಾಗಿಲಿಗೆ ಬರಲು ಧೈರ್ಯವಾಗಿರಲಿಲ್ಲ. ಒಳಗೆ ಕರೆದು ಕೂರಿಸಿ ಮೆಲ್ಲಗೆ ಕೇಳಿದೆ, ಎಷ್ಟು ಸಲ ಬುಟ್ಟಿಗೆ ಎಸೆದೆ? “ಒಂದ್ಸಲನೂ ಇಲ್ಲ ಕಣಕ್ಕ” ಎಂದ. ನನ್ನ ತಮ್ಮ ಹೇಳಿದ್ದೂ ಅದೇ, ಗೆಲ್ಲಿಸಿದವನು ಇವನೇ, ಇವನ ಹೆಸರಿಗೆ ಒಂದು ಪಾಯಿಂಟೂ ಇಲ್ಲ.

ಮುದ್ದೆ ಇಡುತ್ತಿದ್ದೆ, ಮಾವ ಬಂದುಬಿಟ್ಟರು. ಅಂದು ಅಂಗಡಿ ತೆರೆದಿರಲಿಲ್ಲ, ಹೋಗಲು ಬೇರೆ ಜಾಗವಿರಲಿಲ್ಲ. ಹುಡುಗ ತಟ್ಟೆ ಬಿಟ್ಟು ಎದ್ದು ನಿಂತ. ಹಿಂದಿನ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟ. ಮಾವ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಹದಿನಾಲ್ಕು ತಿಂಗಳು ನಮ್ಮ ಏಳು ಮನೆಗಳ ಹುರುಳಿ ತಿಂದು ಒಂದು ಬೆರಳೂ ಬೆಳೆಯದ ಹುಡುಗ.

“ಕೂತ್ಕೊಳ್ಳಲಾ” ಎಂದರು. ತಾವೂ ಮಣೆ ಎಳೆದುಕೊಂಡು ಅವನ ಪಕ್ಕ ಕೂತರು. ಎಂದೂ ಅವನ ಜೊತೆ ಪಂಕ್ತಿಯಲ್ಲಿ ಕೂತವರಲ್ಲ. ನಾನು ಅವರ ತಟ್ಟೆ ಇಟ್ಟೆ. ಇಬ್ಬರೂ ಅರ್ಧ ಮುದ್ದೆ ಉಂಡರು. ಸಾರಿಗೆ ಮಾವ ತಿರುಗುವ ಮೊದಲೇ ಹುಡುಗ ಸಾರಿನ ಪಾತ್ರೆಯನ್ನು ಅವರ ಕಡೆ ಸರಿಸಿದ. ಮಾವನ ಕೈ ಅಲ್ಲೇ ನಿಂತಿತು. ಅವರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ.

“ನೀಲಾ” ಎಂದರು. “ಇವ್ನಿಗೆ ಇನ್ನೊಂದ್ ಮುದ್ದೆ ಇಕ್ಕವ್ವ. ಬರೋ ತಿಂಗ್ಳು ಆ ಕೆ.ಆರ್. ನಗರದೋರ ಮೇಲೆ ಆಡ್ಬೇಕು ಇವ್ನು.”